ಏಳನೇ ಆಮೆಯ ಒಂಬತ್ತು ದಿನ

ಹಗರಿಬೊಮ್ಮನಹಳ್ಳಿಯಲ್ಲಿ ಕೂತು ಕಡಲಾಮೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ ಅಂದರೆ ಯಾರಾದರೂ ನಗುತ್ತಾರೆ. ನಮ್ಮಿಂದ ಕಡಲಿಗೆ ಹೋಗಬೇಕೆಂದರೆ ಬಸ್ಸಿನಲ್ಲಿ ಒಂದು ಇಡೀ ದಿನ ಬೇಕು. ನಾನು ಸಮುದ್ರ ನೋಡಿದ್ದೇ ಮದುವೆಯಾದ ಮೇಲೆ, ಅದೂ ಒಂದೇ ಸಲ. ಅಲೆ ಬಂದು ಚಪ್ಪಲಿ ಎಳೆದುಕೊಂಡು ಹೋಯಿತು ಅನ್ನುವುದು ಬಿಟ್ಟರೆ ಹೆಚ್ಚಿನದೇನೂ ನೆನಪಿಲ್ಲ. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕನ್ನಡದ ಮೇಷ್ಟ್ರೊಬ್ಬರು ದಿನಾ ಬೆಳಿಗ್ಗೆ ನನ್ನ ಆಮೆಗಳ ಕ್ಷೇಮಸಮಾಚಾರ ಕೇಳಿಯೇ ಚಹಾ ಕುಡಿಯುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಚೆನ್ನಾಗಿವೆ ಸರ್, ನಿಮಗಿಂತ ಚುರುಕಾಗಿವೆ ಎಂದು ಹೇಳಿ ತರಗತಿಗೆ ಹೋಗುತ್ತಿದ್ದೆ.

ಅಸಲಿಗೆ ಈ ಕೆಲಸಕ್ಕೆ ಕಡಲು ನೋಡಬೇಕಾಗಿಯೇ ಇಲ್ಲ, ಲೆಕ್ಕ ಬಂದರೆ ಸಾಕು. ಮೊಟ್ಟೆ ಇಡಲು ದಡಕ್ಕೆ ಬಂದ ಆಮೆಯ ಚಿಪ್ಪಿಗೆ ಅಂಗೈಯಗಲದ ಒಂದು ಪೆಟ್ಟಿಗೆ ಅಂಟಿಸಿ ಬಿಡುತ್ತಾರೆ. ಆಮೆ ಉಸಿರಿಗೆಂದು ಮೇಲೆ ಬಂದಾಗ ಆ ಪೆಟ್ಟಿಗೆ ಉಪಗ್ರಹಕ್ಕೆ ಸಂಕೇತ ಕಳಿಸುತ್ತದೆ. ನನ್ನ ಕೈಗೆ ಬರುವುದು ಬರೀ ಚುಕ್ಕಿಗಳು: ಇಂಥ ದಿನ, ಇಂಥ ಹೊತ್ತು, ಇಂಥ ಜಾಗ. ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದರೆ ಆಮೆ ಹೋದ ದಾರಿ. ಆದರೆ ಆ ದಾರಿಯಲ್ಲಿ ಆಮೆಯ ಪಾಲೆಷ್ಟು, ನೀರಿನ ಪಾಲೆಷ್ಟು? ಕಡಲೇನು ಸುಮ್ಮನೆ ನಿಂತಿರುವುದಿಲ್ಲ, ಅದರೊಳಗೂ ಹೊಳೆಗಳಂತೆ ಪ್ರವಾಹಗಳು ಹರಿಯುತ್ತಿರುತ್ತವೆ. ಅವುಗಳ ದಿನದಿನದ ವೇಗ, ದಿಕ್ಕು ಬೇರೆ ಕಡೆ ಸಿಗುತ್ತವೆ. ಆಮೆ ಸಾಗಿದ್ದರಲ್ಲಿ ನೀರು ಸಾಗಿಸಿದ್ದನ್ನು ಕಳೆದರೆ ಉಳಿಯುವುದೇ ಆಮೆ ತಾನಾಗಿ ಈಜಿದ್ದು, ಅದರ ಮನಸ್ಸಿನಲ್ಲಿದ್ದದ್ದು. ನನ್ನ ಪ್ರಬಂಧ ಇಷ್ಟೇ, ಒಂದು ದೊಡ್ಡ ವ್ಯವಕಲನ. ಉಳಿದ ಇನ್ನೂರು ಪುಟ ಅದಕ್ಕೆ ತೊಡಿಸಿದ ಅಂಗಿ.

ಇದನ್ನು ಬಿಎಸ್ಸಿ ಹುಡುಗರಿಗೆ ಹೇಳುವಾಗ ನಾನು ಹಡಗಲಿ ಕಡೆಯ ಹೊಳೆಯನ್ನೇ ಎಳೆದು ತರುತ್ತಿದ್ದೆ. ನನ್ನ ತವರು ಆ ದಂಡೆಯಲ್ಲಿ. ನಮ್ಮದು ಹರಿಗೋಲು ಹಾಕುವ, ಮೀನು ಹಿಡಿಯುವ ಮನೆತನ. ಆಚೆ ದಂಡೆಯ ಊರಿಗೆ ಜನರನ್ನು ದಾಟಿಸುವಾಗ ನಮ್ಮಪ್ಪ ಎಂದೂ ನೇರಕ್ಕೆ ಹುಟ್ಟು ಹಾಕುತ್ತಿರಲಿಲ್ಲ. ಹರಿಗೋಲನ್ನು ದಂಡೆಗುಂಟ ಮೇಲಕ್ಕೆ ಎಳೆದುಕೊಂಡು ಹೋಗಿ ಅಲ್ಲಿಂದ ಬಿಡುತ್ತಿದ್ದ. ನೀರು ಕೆಳಕ್ಕೆ ತಳ್ಳುತ್ತದೆ, ಹುಟ್ಟು ಆಚೆಗೆ ತಳ್ಳುತ್ತದೆ, ಎರಡೂ ಕೂಡಿ ಸರಿಯಾಗಿ ಆಚೆ ಊರಿನ ಕಟ್ಟೆಗೆ ಮುಟ್ಟಿಸುತ್ತವೆ. ನಾನು ಬೋರ್ಡಿನ ಮೇಲೆ ಸದಿಶಗಳ ಸಂಕಲನ ಎಂದು ಬರೆಯುವುದನ್ನು ಅಪ್ಪ ಬೀಡಿ ಸೇದುತ್ತ ಮಾಡುತ್ತಿದ್ದ.

ಹದಿಮೂರು ವರ್ಷದಿಂದ ನಾನು ಅತಿಥಿ ಉಪನ್ಯಾಸಕಿ. ಹದಿಮೂರು ವರ್ಷ ಉಳಿದ ಅತಿಥಿಯನ್ನು ನಾನಂತೂ ಯಾರ ಮನೆಯಲ್ಲೂ ಕಂಡಿಲ್ಲ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಪ್ರತಿ ವರ್ಷ ಪಟ್ಟಿಯಲ್ಲಿ ಹೆಸರು ಬರುವ ತನಕ ಎದೆ ಹಿಡಿದುಕೊಂಡು ಕೂರಬೇಕು. ಹದಿಮೂರನೇ ವರ್ಷ ನಿಯಮ ಬಿಗಿಯಾಯಿತು. ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಇಲ್ಲವೇ ಪಿಎಚ್‌ಡಿ ಇರಬೇಕು. ಪ್ರಬಂಧ ಸಲ್ಲಿಸಿದ ರಸೀತಿಯನ್ನಾದರೂ ಜೂನ್ ಕೊನೆಯೊಳಗೆ ತಂದುಕೊಡಿ, ನಿಮ್ಮ ಪಾಠ ನಿಮಗೇ ಇಡುತ್ತೇನೆ ಎಂದು ಪ್ರಿನ್ಸಿಪಾಲರು ಹೇಳಿದರು. ತರದಿದ್ದರೆ ಏನು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯಿಂದ ಅರ್ಹತೆ ಇದ್ದವರು ಆಗಲೇ ವಿಚಾರಿಸಿಕೊಂಡು ಹೋಗಿದ್ದರು.

ನನ್ನ ಹತ್ತಿರ ಎಂಟು ಆಮೆಗಳ ಲೆಕ್ಕ ಇತ್ತು. ಅವುಗಳಲ್ಲಿ ಏಳು, ಬೇರೆಯವರ ಪ್ರಬಂಧಗಳ ಆಮೆಗಳು ಮಾಡುವುದನ್ನೇ ಮಾಡುತ್ತಿದ್ದವು: ಪ್ರವಾಹಕ್ಕೆ ಅಡ್ಡ ಈಜುವುದು, ಮೇವಿದ್ದಲ್ಲಿ ಸುತ್ತುವುದು, ಮುಂದೆ ಹೋಗುವುದು. ಅದರಲ್ಲಿ ಹೊಸದೇನೂ ಇರಲಿಲ್ಲ. ಹೊಸದು ಕೊಟ್ಟದ್ದು ಏಳನೇ ನಂಬರಿನ ಆಮೆ. ದಡ ಬಿಟ್ಟ ಮೇಲೆ ಜೋರಾಗಿ ಈಜಿತು. ಆಮೇಲೆ ಎರಡು ದಿನ ಸಂಕೇತವೇ ಇಲ್ಲ. ಉಪಗ್ರಹಕ್ಕೆ ಸಿಕ್ಕಿಲ್ಲ ಎಂದುಕೊಂಡು ನಾನು ಆ ಎರಡು ದಿನಕ್ಕೆ ಗೆರೆ ಎಳೆದು ಕೂಡಿಸಿದೆ. ಅದಾದ ಮೇಲೆ ಒಂಬತ್ತು ದಿನ, ನೀರಿನ ಪಾಲು ಕಳೆದರೆ ಉಳಿಯುತ್ತಿದ್ದದ್ದು ಹೆಚ್ಚುಕಡಿಮೆ ಸೊನ್ನೆ. ಅಂದರೆ ಆಮೆ ಈಜುವುದನ್ನೇ ಬಿಟ್ಟಿತ್ತು. ಹತ್ತನೇ ದಿನದಿಂದ ಸಂಕೇತ ನಿಂತಿತು. ಪೆಟ್ಟಿಗೆ ಕಳಚಿ ಬಿದ್ದಿರಬೇಕು, ಅದೇನು ಹೊಸದಲ್ಲ.

ಈ ಸೊನ್ನೆಯನ್ನು ಬೇರೆ ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ, ನನಗೆ ಮಾತ್ರ ತಕ್ಷಣ ಎಮ್ಮೆ ನೆನಪಾಯಿತು. ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಚಿಗವ್ವನ ಊರಿಗೆ ಹೋಗುತ್ತಿದ್ದೆ. ಚಿಗವ್ವ ಎಂದರೆ ಅವ್ವನ ತಂಗಿ. ತಂಬ್ರಹಳ್ಳಿ ಆಚೆ, ತುಂಗಭದ್ರಾ ಡ್ಯಾಮಿನ ಹಿನ್ನೀರಿನ ದಂಡೆಯ ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಹಿನ್ನೀರಿನ ನಡುವೆ ಒಂದು ದಿಬ್ಬ ಇತ್ತು, ಅದರ ಮೇಲೆ ಹಸಿರು ಹುಲ್ಲು. ಎಮ್ಮೆಗಳು ಅಲ್ಲಿಗೆ ಈಜಿಕೊಂಡು ಹೋಗಿ ಮೇಯುತ್ತಿದ್ದವು, ನಾವು ಬಾಲ ಹಿಡಿದುಕೊಂಡು ಹಿಂದೆ. ಚಿಗವ್ವ ಪಕ್ಕದಲ್ಲಿ ಹರಿಗೋಲಿನಲ್ಲಿ ಬರುತ್ತಿದ್ದಳು. ಒಂದು ಸಲ ನಟ್ಟನಡುವೆ ನನ್ನ ಎಮ್ಮೆ ನಿಂತೇ ಬಿಟ್ಟಿತು, ಮುಂದೆ ಹೋಗುವುದಿಲ್ಲ, ಸುಮ್ಮನೆ ನೀರು ಒಯ್ದ ಕಡೆ ಹೋಗುತ್ತಿದೆ. ನಾನು ಅಳುವುದಕ್ಕೆ ಶುರು ಮಾಡಿದೆ. ದಣಿವಾಗಿದೆ, ಅದು ನೀರಿಗೆ ಮೈ ಕೊಟ್ಟು ಸುಧಾರಿಸಿಕೊಳ್ಳುತ್ತಿದೆ, ಬಾಲ ಬಿಡಬೇಡ ಎಂದು ಚಿಗವ್ವ ಹರಿಗೋಲಿನಿಂದ ಹೇಳಿದ್ದು ಕಿವಿಯಲ್ಲಿ ಹಾಗೇ ಕೂತಿತ್ತು. ಏಳನೇ ಆಮೆಯೂ ನೀರಿಗೆ ಮೈ ಕೊಟ್ಟಿದೆ ಎಂದು ನಾನು ಬರೆದೆ.

ನಾಲ್ಕನೇ ಅಧ್ಯಾಯ ಪೂರ್ತಿ ಅದೇ. ಎರಡು ದಿನ ಆಳದಲ್ಲಿ ಮೇದು ಹೊಟ್ಟೆ ತುಂಬಿಸಿಕೊಂಡು, ಒಂಬತ್ತು ದಿನ ಶಕ್ತಿ ಖರ್ಚು ಮಾಡದೆ ಪ್ರವಾಹದಲ್ಲಿ ಸಾಗುವ ಜಾಣ ಆಮೆ. ಅದು ಸಾಗಿದ ಪಟ್ಟಿಯನ್ನು ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿ ತೋರಿಸಿ, ಇದು ವಿಶ್ರಾಂತಿಯ ಜಾಗ, ಇಲ್ಲಿ ಆಮೆಗಳಿಗೆ ಅಪಾಯ ಕಡಿಮೆ ಎಂದೂ ಸೇರಿಸಿದೆ. ನನ್ನ ಮಾರ್ಗದರ್ಶಕರು ಓದಿ ಬಹಳ ಖುಷಿಪಟ್ಟರು. ನಿಮ್ಮ ಪ್ರಬಂಧ ನಿಂತಿರುವುದೇ ಈ ಅಧ್ಯಾಯದ ಮೇಲೆ ಎಂದರು. ಎರಡು ವರ್ಷ ಅವರೂ ಅದನ್ನೇ ಎಲ್ಲ ಕಡೆ ಹೇಳಿಕೊಂಡು ಬಂದರು, ನಾನೂ ಹೇಳಿದೆ.

ಮೇ ತಿಂಗಳ ಮೂರನೇ ಭಾನುವಾರ ಮೀನು ತರಲೆಂದು ಚಿಗವ್ವನ ಊರಿಗೆ ಹೋದೆ. ಗಂಡ ತೀರಿಕೊಂಡ ಮೇಲೆ ಚಿಗವ್ವ ತಾನೇ ಹರಿಗೋಲು ಹಾಕುತ್ತಾಳೆ, ತಾನೇ ಬಲೆ ಬಿಡುತ್ತಾಳೆ. ಅರವತ್ತು ದಾಟಿದೆ, ಬಾಯಿ ಮಾತ್ರ ಇಪ್ಪತ್ತರದ್ದು. ನೀರು ಹಿಂದಕ್ಕೆ ಸರಿದಿತ್ತು, ಬಿರಿದ ಮಣ್ಣಿನ ಮೇಲೆ ಬಹಳ ದೂರ ನಡೆದು ಅವಳಿದ್ದಲ್ಲಿಗೆ ಹೋಗಬೇಕಾಯಿತು. ಅವಳು ಸಿಟ್ಟಿನಲ್ಲಿದ್ದಳು. ಹಿಂದಿನ ಸಂಜೆ ಬಿಟ್ಟ ಬಲೆ ಬೆಳಿಗ್ಗೆ ಇರಲಿಲ್ಲ. ಗೂಟಕ್ಕೆ ಕಟ್ಟಿದ ಹಗ್ಗ ಗಾಳಿಗೆ ಹರಿದಿತ್ತು. ಮೀನು ಬೇಕಾದರೆ ಮೊದಲು ಬಲೆ ಹುಡುಕಬೇಕು, ಹತ್ತು ಎಂದಳು. ಹತ್ತಿದೆ.

ಬಲೆ ಇದ್ದ ಗೂಟದ ಹತ್ತಿರ ಹೋಗಿ ಚಿಗವ್ವ ಎರಡು ನೀರಿನ ಬಾಟಲಿ ತೆಗೆದಳು. ಒಂದನ್ನು ಖಾಲಿಯಾಗಿಯೇ ಬಿರಡೆ ಹಾಕಿದಳು. ಇನ್ನೊಂದಕ್ಕೆ ಕುತ್ತಿಗೆ ಮಟ್ಟ ನೀರು ತುಂಬಿದಳು. ಎರಡನ್ನೂ ಒಂದೇ ಕಡೆ ನೀರಿಗೆ ಬಿಟ್ಟು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಳು. ಮೊದಲು ಎರಡೂ ಜೊತೆಗೇ ಇದ್ದವು. ಆಮೇಲೆ ಖಾಲಿ ಬಾಟಲಿ ಗಾಳಿ ಬೀಸಿದ ಕಡೆ, ಮೂಡಣ ದಂಡೆಯತ್ತ ಕುಣಿಯುತ್ತ ಹೊರಟಿತು. ತುಂಬಿದ ಬಾಟಲಿಯ ಬಿರಡೆ ಮಾತ್ರ ಕಾಣುತ್ತಿತ್ತು, ಅದು ಹಳೇ ಹೊಳೆಯ ಸೆಳೆತ ಇದ್ದ ಕಡೆ, ಬಡಗಣಕ್ಕೆ ನಿಧಾನ ಸರಿಯಿತು. ಬಲೆ ತಳಕ್ಕೆ ಕಟ್ಟಿದ ಕಲ್ಲುಗಳ ಸಮೇತ ಹೋಗಿದ್ದರೆ ತುಂಬಿದ್ದರ ಹಿಂದೆ ಹೋಗಬೇಕು, ಕಲ್ಲು ಕಳಚಿ ಬಲೆ ಬರೀ ಬೆಂಡಿನ ಮೇಲೆ ತೇಲಿದ್ದರೆ ಖಾಲಿಯದರ ಹಿಂದೆ. ಅವಳು ಕಲ್ಲನ್ನು ಗಟ್ಟಿಯಾಗಿ ಕಟ್ಟಿದ್ದಳಂತೆ. ತುಂಬಿದ್ದರ ಹಿಂದೆ ಹೊರಟೆವು.

ನಾನು ಆ ಎರಡು ಬಾಟಲಿಗಳ ನಡುವೆ ಅಗಲವಾಗುತ್ತಿದ್ದ ನೀರನ್ನು ನೋಡುತ್ತಿದ್ದೆ. ಬದುಕಿರುವ ಆಮೆ ದಿನದ ಬಹುಪಾಲು ನೀರಿನೊಳಗೆ ಇರುತ್ತದೆ, ಅದು ತುಂಬಿದ ಬಾಟಲಿ. ಹಾಗಾದರೆ ಖಾಲಿ ಬಾಟಲಿ ಯಾವುದು? ಕೇಳಬಾರದು ಅನ್ನಿಸಿತು, ಆದರೂ ಕೇಳಿದೆ. ಆ ಹಿನ್ನೀರಿನಲ್ಲಿ ಯಾರಾದರೂ ಮುಳುಗಿದರೆ ಮೊದಲು ಕರೆಯುವುದು ಚಿಗವ್ವನನ್ನೇ. ಮುಳುಗಿದ ಮನುಷ್ಯನನ್ನು ಎಲ್ಲಿ ಹುಡುಕುತ್ತೀ ಎಂದೆ.

ಅವಳು ಹುಟ್ಟು ನಿಲ್ಲಿಸಲಿಲ್ಲ. "ಮೊದಲ ಎರಡು ದಿನ ತಳ ಹಿಡದಿರತೈತಿ, ಸಿಗಂಗಿಲ್ಲ. ಮೂರನೇ ದಿನಕ್ಕ ಉಬ್ಬಿ ಮ್ಯಾಲ ಬರತೈತಿ. ಮ್ಯಾಲ ಬಂತಂದ್ರ ಅದು ನೀರಿಂದಲ್ಲ, ಗಾಳಿದು. ಗಾಳಿ ಯಾ ದಂಡಿಗೆ ಬೀಸತೈತಿ ಆ ದಂಡ್ಯಾಗ ಹುಡುಕಬೇಕು."

ಎರಡು ದಿನ. ನಾನು ಗೆರೆ ಎಳೆದು ಕೂಡಿಸಿದ್ದ ಎರಡು ದಿನ. ಜೀವ ಇದ್ದದ್ದು ಸುಮ್ಮನೆ ತೇಲುವುದಿಲ್ಲವೇ, ಅವತ್ತು ನನ್ನ ಎಮ್ಮೆ ತೇಲಲಿಲ್ಲವೇ, ನೀನೇ ಹೇಳಿದ್ದೆಯಲ್ಲ ಎಂದೆ. ನನ್ನ ದನಿ ಜಗಳದ ದನಿಯಾಗಿತ್ತು.

ಚಿಗವ್ವನಿಗೆ ಎಮ್ಮೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಕ್ಕಳು. "ಎಮ್ಮಿ ಎಲ್ಲಿ ತೇಲತೈತಿ ಹುಚ್ಚಿ? ಅದು ಒಳಗ ಕಾಲು ಆಡಸ್ತಾನ ಇತ್ತು, ಸೆಳುವಿಗೆ ಮುಂದಕ್ಕ ಹೋಗಲಿಕ್ಕಾಗವಲ್ದಾಗಿತ್ತು ಅಷ್ಟ. ಮುಳುಗತೈತೇನೋ ಅಂತ ನನಗ ಎದಿ ಒಡದಿತ್ತು. ನೀ ಅಂಜಿ ಬಾಲ ಬಿಟ್ಟಿಗಿಟ್ಟಿ ಅಂತ ಹಂಗ ಹೇಳಿದ್ನಿ."

ಬಲೆ ಸಿಕ್ಕಿತು. ಮೀನೂ ಸಿಕ್ಕವು. ಮನೆಗೆ ಬಂದು ಸಾರು ಮಾಡಿದೆ, ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಾಗದೆ ಎರಡು ಸಲ ಹಾಕಿದೆ. ನನ್ನ ನಾಲ್ಕನೇ ಅಧ್ಯಾಯ ನಿಂತಿದ್ದು ಅಳುವ ಹುಡುಗಿಯೊಬ್ಬಳನ್ನು ಸುಮ್ಮನಾಗಿಸಲು ಹೇಳಿದ ಒಂದು ಸುಳ್ಳಿನ ಮೇಲೆ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ?

ಪರೀಕ್ಷಿಸುವುದು ಕಷ್ಟವಲ್ಲ. ನೀರಿನ ಪಾಲು ಕಳೆದ ಮೇಲೆ ಉಳಿಯುತ್ತಿದ್ದದ್ದು ಪೂರ್ತಿ ಸೊನ್ನೆಯಾಗಿರಲಿಲ್ಲ, ಒಂದು ಚೂರು ಉಳಿಯುತ್ತಿತ್ತು. ಅದನ್ನು ನಾನು ಅಳತೆಯ ದೋಷ ಎಂದು ಕರೆದು ಅಡಿಟಿಪ್ಪಣಿಗೆ ತಳ್ಳಿದ್ದೆ. ಆ ಚೂರುಗಳು ದಿಕ್ಕಿಲ್ಲದೆ ಚೆಲ್ಲಾಪಿಲ್ಲಿಯಾಗಿದ್ದರೆ ಅದು ದೋಷವೇ, ನನ್ನ ಆಮೆ ಬದುಕಿದೆ. ಒಂಬತ್ತೂ ದಿನ ಆ ಚೂರು ಗಾಳಿ ಬೀಸಿದ ಕಡೆಗೇ ಇದ್ದರೆ ಅದು ಖಾಲಿ ಬಾಟಲಿ. ಆ ದಿನಗಳ ಗಾಳಿಯ ಮಾಹಿತಿ ಪುಕ್ಕಟೆ ಸಿಗುತ್ತದೆ. ಸೋಮವಾರ ಸಂಜೆಯೇ ಇಳಿಸಿಕೊಂಡೆ. ಇಳಿಸಿಕೊಂಡು, ಕಡತವನ್ನು ತೆರೆಯದೆ ಹಾಗೇ ಇಟ್ಟೆ.

ಹನ್ನೊಂದು ದಿನ ಇಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ. ಅಷ್ಟರಲ್ಲಿ ಉಳಿದೆಲ್ಲ ಕೆಲಸ ಮಾಡಿದೆ. ಪರೀಕ್ಷೆಯ ಮೇಲ್ವಿಚಾರಣೆಗೆ ಕೂಡ್ಲಿಗಿಗೆ ಹೋಗಿ ಬಂದೆ. ನಕಲು ಮಾಡುತ್ತಿದ್ದ ಹುಡುಗನೊಬ್ಬನನ್ನು ಹಿಡಿದು ಎಷ್ಟು ಜೋರಾಗಿ ಬೈದೆನೆಂದರೆ ಪಕ್ಕದ ಕೋಣೆಯವರು ಬಾಗಿಲಿಗೆ ಬಂದರು. ಅವನು ತಲೆ ತಗ್ಗಿಸಿ ನಿಂತಾಗ ನನ್ನ ಮುಖ ಕಾದು ಹೋಯಿತು. ಮಾರ್ಗದರ್ಶಕರು ಫೋನ್ ಮಾಡಿ, ಪರೀಕ್ಷಕರ ಪಟ್ಟಿ ಹೋಗಿದೆ, ಬೈಂಡ್ ಮಾಡಿಸಿ ಯಾವಾಗ ತರುತ್ತೀರಿ ಎಂದರು. ಈ ವಾರ ಸರ್ ಎಂದೆ. ಪ್ರಿನ್ಸಿಪಾಲರು ಎದುರು ಸಿಕ್ಕಾಗಲೆಲ್ಲ ರಸೀತಿ, ಮೇಡಂ, ರಸೀತಿ ಎನ್ನುತ್ತಿದ್ದರು. ಅವರ ಧ್ವನಿಯಲ್ಲಿ ಕಾಳಜಿಯೇ ಇತ್ತು, ನನಗೆ ಮಾತ್ರ ಬೆನ್ನ ಮೇಲೆ ಚಾಟಿ ಬೀಸಿದಂತೆ ಕೇಳುತ್ತಿತ್ತು.

ಕೊನೆಗೆ ಗಂಡನಿಗೆ ಹೇಳಿದೆ. ಅವರು ಹರಪನಹಳ್ಳಿಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕರು, ಮನೆ ಇಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಹುಡುಗರು ಬಿದ್ದು ಮೊಣಕಾಲು ಕೆತ್ತಿಕೊಂಡರೆ ಮಣ್ಣು ಒರೆಸಿ ಮತ್ತೆ ಓಡು ಎನ್ನುವ ಮನುಷ್ಯ. ಎಲ್ಲ ಕೇಳಿ, ಇದು ನಿನಗಲ್ಲದೆ ಬೇರೆ ಯಾರಿಗೆ ಗೊತ್ತು ಎಂದರು. ಯಾರಿಗೂ ಇಲ್ಲ ಎಂದೆ. ಪರೀಕ್ಷಕರಿಗೆ ಗೊತ್ತಾಗುತ್ತದೆಯೇ? ಬಹುಶಃ ಇಲ್ಲ. "ಸತ್ತಿದ್ರೆ ಸತ್ತಿರ್ಲಿ ಬಿಡು. ನಮ್ಮ ಕೈಯಾಗೇನು ಸತ್ತಿಲ್ಲ ಅದು. ಮೊದ್ಲು ರಸೀತಿ ತಗ. ಆಮೇಲೆ ಬೇಕಾದ್ರೆ ತಿದ್ದಿ ಬರಿ." ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನ ಮಾಡಿದೆ. ಅವರ ಸಂಬಳ ಒಂದರಲ್ಲೇ ಮನೆ ನಡೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವರು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಅದು ಅವರ ದೊಡ್ಡತನ.

ನನ್ನನ್ನು ತಿನ್ನುತ್ತಿದ್ದದ್ದು ಆ ಹಸಿರು ಪಟ್ಟಿ. ಬರೀ ಅಧ್ಯಾಯ ತಪ್ಪಾಗಿದ್ದರೆ ಕಪಾಟಿನಲ್ಲಿ ಕೊಳೆಯಲಿ ಅನ್ನಬಹುದಿತ್ತು, ನಮ್ಮ ಕಡೆ ಪ್ರಬಂಧಗಳನ್ನು ಯಾರು ಓದುತ್ತಾರೆ? ಆದರೆ ನಕ್ಷೆಯನ್ನು ಜನ ನೋಡುತ್ತಾರೆ. ಓದಲು ಬರದವರೂ ನೋಡುತ್ತಾರೆ. ಇಲ್ಲಿ ಆಮೆಗಳು ಸುಖವಾಗಿವೆ ಎಂದು ನಾನು ಬಣ್ಣ ಬಳಿದಿದ್ದ ಜಾಗದ ಹತ್ತಿರವೇ ಎಲ್ಲೋ ಒಂದು ಆಮೆ ಸತ್ತಿದ್ದರೆ?

ಮಧ್ಯಾಹ್ನದ ಪರೀಕ್ಷೆ ನಡೆಯುತ್ತಿದ್ದ ಒಂದು ದಿನ ಸ್ಟಾಫ್ ರೂಮು ಖಾಲಿ ಇತ್ತು. ಫ್ಯಾನು ತಿರುಗುತ್ತಿತ್ತು, ಹೊರಗೆ ರೈಲು ಸ್ಟೇಷನ್ನಿನ ಕಡೆಯಿಂದ ಕೂಗು ಕೇಳಿತು. ಕಡತ ತೆರೆದೆ. ಕಂಪ್ಯೂಟರ್ ತಾನೇ ಹೋಲಿಸಿ ಒಂದು ಸಂಖ್ಯೆ ಕೊಡಬಹುದಿತ್ತು. ನನಗೆ ಧೈರ್ಯ ಬರಲಿಲ್ಲ, ಒಂದೊಂದೇ ದಿನ ನೋಡುತ್ತೇನೆ ಎಂದುಕೊಂಡು ಬಿಳಿ ಹಾಳೆ ತೆಗೆದುಕೊಂಡು ಕೈಯಿಂದಲೇ ಬಾಣ ಬರೆದೆ. ಕಪ್ಪು ಬಾಣ ಆಮೆಯ ಉಳಿಕೆ, ಕೆಂಪು ಬಾಣ ಗಾಳಿ. ಮೊದಲ ದಿನ ಎರಡೂ ಆಗ್ನೇಯಕ್ಕೆ. ಒಂದು ದಿನ ಹೊಂದಿದರೆ ಏನಾಯಿತು, ಆಕಸ್ಮಿಕ. ಎರಡನೇ ದಿನ ಎರಡೂ ಆಗ್ನೇಯಕ್ಕೆ. ಮೂರನೇ ದಿನವೂ. ನಾಲ್ಕನೇ ದಿನ ಗಾಳಿ ಜೋರಾಗಿತ್ತು, ಕಪ್ಪು ಬಾಣವೂ ಉದ್ದವಾಗಿತ್ತು. ನಾನು ಎದ್ದು ನೀರು ಕುಡಿದು ಬಂದೆ. ಐದನೇ ದಿನ ಗಾಳಿ ಸಣ್ಣದಾಗಿತ್ತು, ಬಾಣವೂ ಮೋಟಾಯಿತು. ಆರನೇ ದಿನ ಕಡಲ ಮೇಲೆ ಗಾಳಿ ತಿರುಗಿತ್ತು, ವಾಯವ್ಯದಿಂದ ಬೀಸುತ್ತಿದ್ದದ್ದು ದಕ್ಷಿಣದಿಂದ ಬೀಸಲು ಶುರುವಾಗಿತ್ತು. ಪ್ರವಾಹ ಮಾತ್ರ ಮೊದಲಿನ ಹಾಗೇ ಹರಿಯುತ್ತಿತ್ತು. ಬದುಕಿದ್ದರೆ ಇಲ್ಲಿ ಗೊತ್ತಾಗುತ್ತದೆ ಎಂದು ಗಟ್ಟಿಯಾಗಿ ಹೇಳಿಕೊಂಡೆ. ಕೆಂಪು ಬಾಣ ಬಡಗಣಕ್ಕೆ ಬರೆದೆ. ಕಪ್ಪು ಬಾಣದ ಲೆಕ್ಕ ನೋಡಿದೆ. ಗಾಳಿ ತಿರುಗಿದ ದಿನವೇ ಆಮೆಯೂ ತಿರುಗಿತ್ತು.

ಉಳಿದ ಮೂರು ದಿನದ ಬಾಣ ಬರೆಯುವಾಗ ನನಗೆ ಕಣ್ಣು ಕಾಣುತ್ತಿರಲಿಲ್ಲ. ಅಳುತ್ತಿದ್ದದ್ದು ಕೆಲಸಕ್ಕಾಗಿ ಎಂದು ಮೊದಲು ಅಂದುಕೊಂಡೆ. ಕೆಲಸಕ್ಕಾಗಿ ಅಳುವುದು ನನಗೆ ಗೊತ್ತು, ಹದಿಮೂರು ವರ್ಷದ ಅಭ್ಯಾಸ. ಇದು ಅದಲ್ಲ. ನಾನೆಂದೂ ಕಾಣದ, ಹೆಸರೂ ಇಲ್ಲದ ಒಂದು ಪ್ರಾಣಿಗಾಗಿ ಅಳುತ್ತಿದ್ದೆ. ಅದರ ಹೆಣ ಬಿಸಿಲಿನಲ್ಲಿ ಉಬ್ಬಿ ತೇಲಿದ್ದನ್ನು ನಾನು ಇಲ್ಲಿ ಕೂತು ಜಾಣತನ ಎಂದು ಹೊಗಳಿದ್ದೆ. ಇನ್ನೊಂದು ವಿಷಯ ಆಗ ಹೊಳೆದು ಮೈ ಉರಿದು ಹೋಯಿತು. ಎಂಟು ಆಮೆಗಳಲ್ಲಿ ಅತ್ಯಂತ ಶುದ್ಧ ಮಾಹಿತಿ ಬಂದಿದ್ದು ಈ ಒಂಬತ್ತು ದಿನದಲ್ಲೇ. ಉಳಿದವು ದಿನಕ್ಕೆ ನಾಲ್ಕಾರು ಚುಕ್ಕಿ ಕೊಟ್ಟರೆ ಇದು ರಾಶಿ ರಾಶಿ ಕೊಟ್ಟಿತ್ತು. ಎಂಥ ಸಹಕಾರಿ ಆಮೆ ಎಂದು ಪ್ರಬಂಧದಲ್ಲಿ ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಬರೆದಿದ್ದೆ. ಸತ್ತದ್ದು ನೀರಿನೊಳಗೆ ಹೋಗದೆ ಮೇಲೇ ಇತ್ತು, ಮೇಲೇ ಇದ್ದದ್ದಕ್ಕೆ ಪೆಟ್ಟಿಗೆ ಸತತವಾಗಿ ಕೂಗುತ್ತಿತ್ತು. ಲೆಕ್ಕ ಕಲಿಸುವವಳಿಗೆ ಇದು ಎರಡು ವರ್ಷ ಕಾಣಲಿಲ್ಲ.

ಹೇಗೆ ಸತ್ತಿತು ಎಂದು ಲೆಕ್ಕ ಹೇಳುವುದಿಲ್ಲ. ಬಲೆಯೋ, ರೋಗವೋ, ವಯಸ್ಸೋ. ಎಲ್ಲಿ ಸತ್ತಿತು ಎಂದು ಮಾತ್ರ ಹೆಚ್ಚುಕಡಿಮೆ ಹೇಳುತ್ತದೆ. ಎರಡು ದಿನದ ಖಾಲಿ ಜಾಗ ನನ್ನ ಹಸಿರು ಪಟ್ಟಿಯ ಬಾಯಲ್ಲೇ ಇತ್ತು.

ಅವತ್ತೇ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಒಂದು ದಿನ ತಡ ಮಾಡಿದರೂ ಹೇಳಲಾರೆ ಎಂಬ ಭಯ ನನಗೆ. ಸಿಟ್ಟು ಬಂತು ಅವರಿಗೆ. ಜೂನ್ ಮೊದಲ ವಾರದಲ್ಲಿ ಇದನ್ನು ಹೇಳುತ್ತೀರಾ, ಎರಡು ವರ್ಷ ಏನು ಮಾಡುತ್ತಿದ್ದಿರಿ ಎಂದರು. ಬೈಸಿಕೊಂಡೆ. ನಾನು ನೋಡದ್ದನ್ನು ಅವರೂ ನೋಡಿರಲಿಲ್ಲ ಎಂದು ಬಾಯಿಗೆ ಬಂದಿತ್ತು, ನುಂಗಿ ಹಾಕಿದೆ. ಅಧ್ಯಾಯವನ್ನು ಹಾಗೇ ಇಟ್ಟು ಕೊನೆಯಲ್ಲಿ ಒಂದು ಮಾತು, ಆಮೆ ಸತ್ತಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದು ಸೇರಿಸಿ ಸಲ್ಲಿಸೋಣವೇ ಎಂದು ಅವರೇ ಕೇಳಿದರು. ಅದು ಕೇಳಿ ನನಗೆ ಎಂಥ ಆಸೆಯಾಯಿತೆಂದರೆ ಹೂಂ ಎಂದೇಬಿಟ್ಟೆ.

ಮರುದಿನ ಬೆಳಿಗ್ಗೆ ಅವರೇ ಮತ್ತೆ ಮಾಡಿದರು. ರಾತ್ರಿ ಅವರಿಗೂ ಸಮಾಧಾನ ಆಗಿರಲಿಲ್ಲ ಅಂತ ಧ್ವನಿಯಲ್ಲೇ ಗೊತ್ತಾಯಿತು. "ನಿಮ್ಮ ಕೈಯಲ್ಲಿ ಈಗ ಒಂದು ಪರೀಕ್ಷೆ ಇದೆ. ಒಂದು ಆಮೆಗೆ ಹಚ್ಚಿದ್ದೀರಿ. ಉಳಿದ ಏಳಕ್ಕೆ ಹಚ್ಚಿದ್ದೀರಾ?"

ಹಚ್ಚಿರಲಿಲ್ಲ. ಪ್ರತಿ ಆಮೆಯ ಕೊನೆಯ ಕೆಲವು ದಿನಗಳನ್ನು ನಾನು ಕತ್ತರಿಸಿ ಹಾಕಿದ್ದೆ. ಪೆಟ್ಟಿಗೆ ಕೆಡುವ ಮೊದಲು ಮಾಹಿತಿ ಹದಗೆಡುತ್ತದೆ, ಬಾಲ ಕತ್ತರಿಸುವುದು ಎಲ್ಲರೂ ಮಾಡುವ ಕೆಲಸ. ಆ ಕತ್ತರಿಸಿದ ಬಾಲಗಳನ್ನು ಮತ್ತೆ ಹುಡುಕಿ ತೆಗೆದೆ. ಆರು ಆಮೆಗಳದ್ದು ನಿಜವಾಗಿಯೂ ಕಸ. ಎರಡನೇ ನಂಬರಿನದು ಮಾತ್ರ ಕೊನೆಯ ನಾಲ್ಕು ದಿನ ಗಾಳಿಯ ಹಿಂದೆ ಹೋಗಿತ್ತು, ಅದಕ್ಕೂ ಮೊದಲು ಎರಡು ದಿನ ಏನೂ ಇರಲಿಲ್ಲ. ಅದು ಸತ್ತ ಜಾಗವೂ ಏಳನೆಯದರಿಂದ ದೂರವೇನಲ್ಲ. ಇದಾದ ಮೇಲೆ ಅಡಿಟಿಪ್ಪಣಿಯ ಮಾತೇ ಇಲ್ಲ. ಹಸಿರು ಪಟ್ಟಿ ತೆಗೆಯಬೇಕು, ನಾಲ್ಕನೇ ಅಧ್ಯಾಯ ಮೊದಲಿನಿಂದ ಬರೆಯಬೇಕು, ಅದಕ್ಕೆ ತಿಂಗಳುಗಳು ಬೇಕು. ಮಾರ್ಗದರ್ಶಕರು ಅವಧಿ ವಿಸ್ತರಣೆಗೆ ಸಹಿ ಹಾಕುತ್ತೇನೆ, ನಿರ್ಧಾರ ನಿಮ್ಮದು ಎಂದರು. ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು. ವಿಸ್ತರಣೆ ಕೇಳಿದರೆ ರಸೀತಿ ಇಲ್ಲ. ರಸೀತಿ ಇಲ್ಲದಿದ್ದರೆ ಜುಲೈಯಲ್ಲಿ ನನ್ನ ತರಗತಿಗೆ ಇನ್ನೊಬ್ಬರು ಹೋಗುತ್ತಾರೆ. ಗಂಡನಿಗೆ ಹೇಳಿದಾಗ ಅವರು ಬಹಳ ಹೊತ್ತು ಶೂ ಲೇಸು ಕಟ್ಟುತ್ತ ಕೂತರು, ಆಮೇಲೆ ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋದರು. ಸಂಜೆ ಬಂದು, ಹೋಗಿ ಬಾ ಎಂದರು.

ವಿಶ್ವವಿದ್ಯಾಲಯದ ಕಚೇರಿಗೆ ಹೋದದ್ದು ಜೂನ್ ಕೊನೆಯ ವಾರ. ಗುಮಾಸ್ತ ನನಗಿಂತ ಚಿಕ್ಕವನು, ಒಳ್ಳೆಯ ಮನುಷ್ಯ. ಅರ್ಜಿಯಲ್ಲಿ ಎಲ್ಲ ತುಂಬಿದ್ದೆ, ವಿಳಂಬಕ್ಕೆ ಕಾರಣ ಎಂಬ ಸಾಲು ಮಾತ್ರ ಖಾಲಿ ಇತ್ತು. ಅನಾರೋಗ್ಯ ಎಂದು ಬರೆಯಿರಿ, ಎಲ್ಲರೂ ಹಾಗೇ ಬರೆಯುತ್ತಾರೆ, ಬೇಗ ಮಂಜೂರಾಗುತ್ತದೆ ಎಂದು ಅವನೇ ಸಹಾಯ ಮಾಡಿದ. ಮತ್ತೆ ಒಂದು ಸುಳ್ಳು ಬರೆಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಎರಡನೇ ಮತ್ತು ಏಳನೇ ಆಮೆಗಳು ಸತ್ತಿದ್ದವು, ಏಳನೆಯದು ವಿಶ್ರಾಂತಿಯಲ್ಲಿದೆ ಎಂದು ಎರಡು ವರ್ಷ ಬರೆದಿದ್ದೆ, ತಿದ್ದಲು ಸಮಯ ಬೇಕು ಎಂದು ಬರೆದೆ.

ಅವನು ಓದಿದ. ನನ್ನ ಮುಖ ನೋಡಿ ಇನ್ನೊಂದು ಸಲ ಓದಿದ. ನಗುತ್ತಾನೆ ಎಂದುಕೊಂಡೆ, ನಗಲಿಲ್ಲ. "ಕಾಯಿಲೆ ಅಂದ್ರ ಡಾಕ್ಟರ್ ಸರ್ಟಿಫಿಕೇಟ್ ಹಚ್ತಾರ ಮೇಡಂ. ಇದಕ್ಕ ಏನು ಹಚ್ತೀರಿ?"

ಬ್ಯಾಗಿನಲ್ಲಿ ಮಾರ್ಗದರ್ಶಕರಿಗೆ ತೋರಿಸಲೆಂದು ಇಟ್ಟುಕೊಂಡಿದ್ದ, ಕಪ್ಪು ಕೆಂಪು ಬಾಣಗಳ ಆ ಬಿಳಿ ಹಾಳೆ ಇತ್ತು. ತೆಗೆದು ಕೊಟ್ಟೆ. ಇದರಲ್ಲಿ ಯಾವುದು ಗಾಳಿ ಎಂದು ಕೇಳಿದ, ತೋರಿಸಿದೆ. ಬೆರಳಿನಿಂದ ಒಂದೊಂದೇ ದಿನ ಹಿಡಿದು ಒಂಬತ್ತರ ತನಕ ನೋಡಿದ. ಆಮೇಲೆ ಹಾಳೆಯನ್ನು ಅರ್ಜಿಗೆ ಪಿನ್ನು ಮಾಡಿ, ಮೇಲುಗಡೆ ಮೂಲೆಯಲ್ಲಿ ಮರಣದ ದಾಖಲೆ ಲಗತ್ತಿಸಿದೆ ಎಂದು ಬರೆದು ಸೀಲು ಒತ್ತಿದ.